ಅಜ್ಜನ ದೋಣಿಗೆ ಫೈಬರ್ ಹೊಡೆಸಲೇ, ಎಣ್ಣೆ ಕುಡಿಸಲೇ?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ, ಹೊಳೆಬದಿಯಲ್ಲಿ. ಅಜ್ಜನ ಕಾಲದ ಒಂದು ಮರದ ದೋಣಿ ಹಿತ್ತಲಿನ ಚಪ್ಪರದಡಿ ಹನ್ನೆರಡು ವರ್ಷದಿಂದ ಕವುಚಿ ಬಿದ್ದಿದೆ. ಉದ್ದ ಸುಮಾರು 22 ಅಡಿ. ತಳ ಒಂದೇ ಮರ ಕೊರೆದು ಮಾಡಿದ ಹಾಗಿದೆ. ಅದರ ಮೇಲೆ ಎರಡೂ ಬದಿಗೆ ಒಂದೊಂದು ಹಲಗೆ ಇಟ್ಟು ಕತ್ತದ ಹಗ್ಗದಲ್ಲಿ ಹೊಲಿದಿದ್ದಾರೆ. ಮೂತಿಯ ಹತ್ತಿರ ಉದ್ದಕ್ಕೆ ಬಿರುಕು ಬಿಟ್ಟಿದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಹೋಗುತ್ತೇನೆ. ಅಪ್ಪ "ಕಡಿದು ಒಲೆಗೆ ಹಾಕು" ಅನ್ನುತ್ತಾರೆ. ಚಿಕ್ಕಪ್ಪ "ಫೈಬರ್ ಹೊಡೆಸು, ಇಪ್ಪತ್ತು ವರ್ಷ ಚಿಂತೆಯಿಲ್ಲ" ಅನ್ನುತ್ತಾರೆ. ರೆಸಾರ್ಟಿನವರೊಬ್ಬರು ಕೊಳ್ಳುತ್ತೇವೆ ಎಂದಿದ್ದಾರೆ. ನನಗೆ ಅದನ್ನು ಮತ್ತೆ ನೀರಿಗೆ ಇಳಿಸುವ ಆಸೆ. ಆಗುತ್ತದಾ ಸಾರ್?

ಉತ್ತರ: ಮೊದಲು ಫೈಬರ್ ವಿಷಯ, ಅಂದರೆ ಮರದ ಮೇಲೆ ಗಾಜಿನ ನಾರಿನ ಹೊದಿಕೆ ಅಂಟಿಸುವ ವಿಷಯ, ಮುಗಿಸಿಬಿಡುತ್ತೇನೆ. ಬೇಡ. ನಿಮ್ಮ ಚಿಕ್ಕಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಹಳೆಯ ಮರದ ದೋಣಿಯನ್ನು ಬೇಗ ಸಾಯಿಸುವ ದಾರಿ ಅದು. ಒಲೆಗೆ ಹಾಕಿದರೆ ಒಂದು ದಿನಕ್ಕೆ ಮುಗಿಯಿತು. ಫೈಬರ್ ಹೊಡೆಸಿದರೆ ಕಣ್ಣಿಗೆ ಕಾಣದ ಹಾಗೆ ನಾಲ್ಕೈದು ವರ್ಷ ಕೊಳೆಯುತ್ತದೆ, ಖರ್ಚೂ ನಿಮ್ಮದೇ.

ನಾನೂ ಈ ತಪ್ಪು ಮಾಡಿದವನೇ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ, ಕೆಲಸ ಕಲಿಯುವ ಹುಮ್ಮಸ್ಸಿನಲ್ಲಿ, ಹದಿನೆಂಟು ಅಡಿಯ ಒಂದು ಮಾವಿನ ದೋಣಿಗೆ ಹೊರಗಿನಿಂದ ಎರಡು ಪದರ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಳೆ) ಇಟ್ಟು ರೆಸಿನ್ ಅನ್ನುವ ಅಂಟು ಬಳಿದೆವು. ಮೊದಲ ವರ್ಷ ಮದುಮಗಳ ಹಾಗೆ ಹೊಳೆಯುತ್ತಿತ್ತು. ಮೂರನೇ ಮಳೆಗಾಲ ಮುಗಿದ ಮೇಲೆ ತಳಕ್ಕೆ ಬೆರಳಿಂದ ಒತ್ತಿದರೆ ಅಲ್ಲಲ್ಲಿ ಒಳಗೆ ಹೋಗುತ್ತಿತ್ತು. ಫೈಬರ್ ಸಿಪ್ಪೆಯ ಅಂಚು ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬಂತು. ಒಳಗಿನ ಮರ ಚಹಾದಲ್ಲಿ ಅದ್ದಿದ ರಸ್ಕಿನ ಹಾಗಾಗಿತ್ತು. ದೋಣಿಯ ಯಜಮಾನರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾಕೆ ಹೀಗಾಗುತ್ತದೆ? ಮರ ನೀರು ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಅಡ್ಡಕ್ಕೆ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಫೈಬರ್ ಎರಡೂ ಕಡೆ ಅಲ್ಲಾಡದೆ ಕೂರುತ್ತದೆ. ಒಂದು ಉಬ್ಬುತ್ತದೆ, ಇನ್ನೊಂದು ಉಬ್ಬುವುದಿಲ್ಲ. ಹಾಗಿದ್ದರೆ ನಡುವಿನ ಅಂಟು ಎಷ್ಟು ದಿನ ತಡೆಯಬೇಕು? ಅದೂ ನಿಮ್ಮದು ವರ್ಷಗಟ್ಟಲೆ ಮೀನೆಣ್ಣೆ ಕುಡಿದ ಮರ. ಎಣ್ಣೆ ಹಿಡಿದ ಮರಕ್ಕೆ ರೆಸಿನ್ ಸರಿಯಾಗಿ ಕಚ್ಚುವುದೇ ಇಲ್ಲ. ಒಂದು ಕಡೆ ಬಿಟ್ಟುಕೊಂಡರೆ ಸಾಕು, ನೀರು ನುಗ್ಗುತ್ತದೆ. ನುಗ್ಗಿದ ನೀರಿಗೆ ವಾಪಸ್ ಬರುವ ದಾರಿಯಿಲ್ಲ.

ಮರಕ್ಕೂ ಫೈಬರ್‌ಗೂ ಯಾವತ್ತೂ ಕೂಡಿಬರುವುದಿಲ್ಲ ಅಂತಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರಕ್ಕೆ ಔಷಧಿ ಕುಡಿಸಿ, ಮೇಲೆ ಫೈಬರ್ ಹೊದಿಸಿದ ದೋಣಿಗಳನ್ನು ಮಾಡಿ ತೋರಿಸಿದ್ದಾರೆ. ಜಗತ್ತು ಸುತ್ತಿ ಬಂದ ನಮ್ಮ ನೌಕಾಪಡೆಯ ಹಾಯಿದೋಣಿಗಳು ಮ್ಹಾದೆಯಿ, ತಾರಿಣಿ ಎರಡೂ ಗೋವಾದಲ್ಲಿ ಕಟ್ಟಿದವು. ಅವುಗಳ ಮೈಯೊಳಗೂ ಮರವೇ ಇದೆ, ಹೊರಗೆ ಒಳಗೆ ಫೈಬರ್. ಆದರೆ ಅವು ಮೊದಲ ದಿನದಿಂದಲೇ ಹಾಗೆ ಲೆಕ್ಕ ಹಾಕಿ, ಚೆನ್ನಾಗಿ ಒಣಗಿಸಿದ ಹೊಸ ಮರದಲ್ಲಿ ಮಾಡಿದವು. ನಿಮ್ಮ ಅಜ್ಜನ ದೋಣಿ ಬೇರೆಯೇ ಜಾತಿ. ಅದು ನೀರು ಕುಡಿದು ಉಬ್ಬಿ, ಸಂದು ಮುಚ್ಚಿಕೊಂಡು ತೇಲಲಿ ಅಂತಲೇ ಕಟ್ಟಿದ್ದು.

ನಿಮ್ಮ ಪತ್ರ ಓದುವಾಗ ನನಗೆ ಹೆದರಿಕೆ ಆದದ್ದು ಬಿರುಕಿನ ಬಗ್ಗೆ ಅಲ್ಲ. "ಹನ್ನೆರಡು ವರ್ಷದಿಂದ ಚಪ್ಪರದಡಿ" ಅನ್ನುವ ಮಾತಿಗೆ. ಹೊರಗಿನವರಿಗೆ ಉಪ್ಪುನೀರೇ ಮರದ ಶತ್ರು ಅನಿಸುತ್ತದೆ. ನಿಜ ಹೇಳಬೇಕೆಂದರೆ ಕೊಳೆತಕ್ಕೆ ಕಾರಣ ಶಿಲೀಂಧ್ರ, ಅದಕ್ಕೆ ಬೇಕಾದದ್ದು ಸಿಹಿನೀರು ಮತ್ತು ಗಾಳಿ. ಉಪ್ಪು ಅದಕ್ಕೆ ಆಗಿಬರುವುದಿಲ್ಲ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಹಿಂದೆ ದೊಡ್ಡ ಮರದ ಹಡಗು ಕಟ್ಟುವಾಗ ಪಕ್ಕೆಲುಬುಗಳ ನಡುವೆ ಕಲ್ಲುಪ್ಪು ತುಂಬಿಸಿಡುತ್ತಿದ್ದರು, ಮರ ಉಳಿಯಲಿ ಅಂತ. ನಮ್ಮ ಕಡೆ ದೋಣಿ ಸಾಯುವುದು ಮಳೆನೀರಿನಿಂದ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ದೋಣಿಯ ಮೂಲೆಯಲ್ಲಿ ಒಂದು ಚೊಂಬು ಮಳೆನೀರು ನಿಂತರೂ ಸಾಕು. ಮಳೆ ಬಿಟ್ಟ ಮೇಲೆ ಬೇಸಿಗೆಯ ಬಿಸಿಲು. ಅದು ಇನ್ನೊಂದು ರೀತಿ ಕೊಲ್ಲುತ್ತದೆ, ಒಣಗಿಸಿ ಸೀಳುತ್ತದೆ. ದುಡಿಯುವ ದೋಣಿಗೆ ಈ ಎರಡೂ ಕಾಟ ಕಡಿಮೆ. ದಿನಾ ಉಪ್ಪುನೀರು ಕುಡಿಯುತ್ತದೆ, ದಿನಾ ಯಾರೋ ಒಬ್ಬರು ಒಳಗಿನ ನೀರು ಎತ್ತಿ ಚೆಲ್ಲುತ್ತಾರೆ. ಅದಕ್ಕೇ ನಲವತ್ತು ವರ್ಷ ಮೀನು ಹಿಡಿದ ದೋಣಿ, ಹಿತ್ತಲಿಗೆ ಬಂದ ಮೇಲೆ ನಾಲ್ಕೇ ವರ್ಷಕ್ಕೆ ಮುಗಿದುಹೋಗುವುದು.

ಹಾಗಾಗಿ "ಆಗುತ್ತದಾ" ಅನ್ನುವ ಪ್ರಶ್ನೆಗೆ ಉತ್ತರ ಮರದಲ್ಲಿ ಅರ್ಧ ಇದೆ. ಉಳಿದರ್ಧ, ನೀರಿಗಿಳಿದ ಮೇಲೆ ಅದನ್ನು ದಿನಾ ನೋಡಿಕೊಳ್ಳುವವರು ಯಾರು ಅನ್ನುವುದರಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಮರ. ಒಳಗಡೆ, ಯಾರಿಗೂ ಕಾಣದ ಜಾಗದಲ್ಲಿ ಉಳಿಯಿಂದ ಉಗುರಿನಷ್ಟು ಚಕ್ಕೆ ಎಬ್ಬಿಸಿ ನೋಡಿ. ಹಳದಿ ಕಡೆಗೆ ತಿರುಗಿದ ಕಂದು ಬಣ್ಣವಿದ್ದು, ಗಟ್ಟಿಯಾಗಿದ್ದರೆ ಹೆಬ್ಬಲಸು ಇರಬಹುದು. ನಿಮ್ಮ ಅದೃಷ್ಟ. ಪೇಲವ ಬಣ್ಣ, ಹಗುರ, ಉಳಿ ಸುಲಭವಾಗಿ ಇಳಿಯಿತು ಅಂದರೆ ಮಾವು. ನಮ್ಮ ಕಡೆಯ ಸಣ್ಣ ದೋಣಿಗಳಲ್ಲಿ ಮಾವು ತುಂಬ ಸಾಮಾನ್ಯ. ಸಿಗುವುದು ಸುಲಭ, ಕಾಂಡ ದಪ್ಪ, ಕೊರೆಯಲು ಮೆದು. ಆದರೆ ಬಾಳಿಕೆ ಕಡಿಮೆ, ಎಣ್ಣೆ ತಪ್ಪಿದರೆ ಬೇಗ ಹೋಗುತ್ತದೆ. ಕೇರಳದ ಚುಂಡನ್ ವಳ್ಳಗಳು ಇವೆಯಲ್ಲ, ನೂರಡಿ ಮೀರುವ ಆ ಹಾವುದೋಣಿಗಳು, ಅವಕ್ಕೆ ಬಳಸುವ ಆಂಜಿಲಿ ಅಂದರೆ ನಮ್ಮ ಹೆಬ್ಬಲಸೇ. ತೇಗದ ಮಾತು ಬಿಡಿ, ಅದು ಯಜಮಾನರ ಮರ. ಮುಂಬೈಯಲ್ಲಿ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಅನ್ನುವ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲಿಕೊಂಡಿದೆ. ನಿಮ್ಮದು ತೇಗ ಆಗಿರುವ ಸಂಭವ ಕಡಿಮೆ. 22 ಅಡಿಯ ತಳವನ್ನು ಒಂದೇ ತೇಗದ ದಿಮ್ಮಿಯಲ್ಲಿ ಕೊರೆಸುವಷ್ಟು ದುಡ್ಡು ಮೀನುಗಾರರ ಮನೆಯಲ್ಲಿ ಎಲ್ಲಿತ್ತು?

ಒಂದು ದಬ್ಬಣ ತಗೊಳ್ಳಿ. ಗೋಣಿ ಹೊಲಿಯುವ ದಪ್ಪನೆಯ ದಬ್ಬಣವೇ ಸಾಕು. ಮೂತಿಯಿಂದ ಶುರು ಮಾಡಿ ಒಂದೊಂದು ಗೇಣಿಗೆ ಒಂದು ಸಲ ಚುಚ್ಚುತ್ತಾ ಹೋಗಿ. ಒಳ್ಳೆ ಮರ ತಡೆಯುತ್ತದೆ, ದಬ್ಬಣ ಕಾಲಿಂಚೂ ಇಳಿಯುವುದಿಲ್ಲ. ಕೊಳೆತ ಮರಕ್ಕೆ ಬೆಣ್ಣೆಗೆ ಹೋದ ಹಾಗೆ ಹೋಗುತ್ತದೆ. ಹೋದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಆಮೇಲೆ ಕೊಡತಿಯಿಂದ ಮೆಲ್ಲಗೆ ತಟ್ಟಿ ಕೇಳಿ. ಗಟ್ಟಿ ಮರ ಟಣ್ ಅನ್ನುತ್ತದೆ, ಟೊಳ್ಳು ಮರ ಬೊದ್ ಅನ್ನುತ್ತದೆ. ತೆಂಗಿನಕಾಯಿ ಬಲಿತಿದೆಯಾ ಅಂತ ತಟ್ಟಿ ನೋಡುವ ಕಿವಿ ನಿಮಗಿದ್ದರೆ ಇದೂ ಬರುತ್ತದೆ. ಮುಖ್ಯವಾಗಿ ನೋಡಬೇಕಾದದ್ದು ಎರಡು ಜಾಗ. ಕವುಚಿ ಇಟ್ಟಿದ್ದರಿಂದ ನೆಲಕ್ಕೆ ತಾಗಿರುವ ಮೇಲಂಚು, ಅಲ್ಲಿ ಗೆದ್ದಲು ಹತ್ತಿರಬಹುದು. ಮತ್ತೆ ಮೂತಿ ಮತ್ತು ಹಿಂದಿನ ತುದಿ. ಅಲ್ಲಿ ಮರದ ನಾರಿನ ಕೊನೆಗಳು ತೆರೆದಿರುತ್ತವೆ, ನೀರು ಹೀರುವುದೂ ಅಲ್ಲಿಂದಲೇ, ಕೊಳೆಯುವುದೂ ಅಲ್ಲಿಂದಲೇ. ಸುತ್ತುಗಳೆಲ್ಲ ಮೇಲಂಚಿನಲ್ಲಿ, ಹಲಗೆಯಲ್ಲಿ ಇದ್ದರೆ ಚಿಂತೆಯಿಲ್ಲ, ಹಲಗೆ ಬದಲಿಸಬಹುದು. ಕೊರೆದ ತಳದ ನಡುಭಾಗದಲ್ಲೇ ದಬ್ಬಣ ಒಳಹೋದರೆ, ಕ್ಷಮಿಸಿ, ಆ ದೋಣಿ ನೀರಿಗೆ ಇಳಿಯುವುದಿಲ್ಲ.

ಹುಳದ ತೂತುಗಳನ್ನೂ ನೋಡಿ. ಸಮುದ್ರದಲ್ಲಿ ಮರ ತಿನ್ನುವ ಹಡಗುಹುಳ ಅಂತ ಒಂದಿದೆ. ಹೆಸರು ಹುಳ, ಜಾತಿಯಲ್ಲಿ ಮರುವಾಯಿಯ ದಾಯಾದಿ, ಚಿಪ್ಪಿನ ಪ್ರಾಣಿ. ಮರಿ ಇರುವಾಗ ಗುಂಡುಸೂಜಿ ತಲೆಯಷ್ಟು ತೂತು ಮಾಡಿ ಒಳಗೆ ಹೋಗುತ್ತದೆ. ಒಳಗೇ ದಪ್ಪವಾಗಿ, ಬೆರಳಿನಷ್ಟಗಲ ಸುರಂಗ ಕೊರೆದು, ಅದಕ್ಕೆ ಸುಣ್ಣದ ಗಿಲಾವು ಮಾಡಿಕೊಂಡು ಸುಖವಾಗಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೊಲಂಬಸ್ಸನ ನಾಲ್ಕನೇ ಯಾನದ ಹಡಗುಗಳನ್ನು ಈ ಹುಳವೇ ತಿಂದುಹಾಕಿತು, 1503ರಲ್ಲಿ ಅವನು ಜಮೈಕಾದ ದಡದಲ್ಲಿ ಸಿಕ್ಕಿಬಿದ್ದದ್ದು ಇದರಿಂದಲೇ. ಹನ್ನೆರಡು ವರ್ಷ ಒಣಗಿದ ದೋಣಿಯಲ್ಲಿ ಜೀವಂತ ಹುಳ ಇರುವುದಿಲ್ಲ, ಬಿಡಿ. ಆದರೆ ಹಳೆ ಸುರಂಗಗಳಿದ್ದರೆ ಮರದ ಬಲ ಹೋಗಿರುತ್ತದೆ. ತೂತಿನ ಸುತ್ತ ಬಿಳಿ ಸುಣ್ಣದ ಉಂಗುರ ಕಂಡರೆ ಅಲ್ಲಿ ಎರಡು ಸಲ ಚುಚ್ಚಿ ನೋಡಿ.

ಇನ್ನು ಆ ಬಿರುಕು. ಇಲ್ಲಿ ನೂರಕ್ಕೆ ತೊಂಬತ್ತು ಜನ ತಪ್ಪುತ್ತಾರೆ. ಬಿರುಕು ಕಂಡ ತಕ್ಷಣ ಅಂಗಡಿಗೆ ಹೋಗಿ ಎಪಾಕ್ಸಿ ಅನ್ನುವ ಗಟ್ಟಿ ಅಂಟು ತಂದು ತುಂಬಿಬಿಡುತ್ತಾರೆ. ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ನೋಡಿ ಖುಷಿಪಡುತ್ತಾರೆ. ದೋಣಿ ನೀರಿಗೆ ಬೀಳುತ್ತದೆ, ಮರ ಉಬ್ಬುತ್ತದೆ, ಬಿರುಕು ತಾನಾಗಿ ಮುಚ್ಚಿಕೊಳ್ಳಲು ನೋಡುತ್ತದೆ. ನಡುವೆ ಎಪಾಕ್ಸಿ ಬೆಣೆಯ ಹಾಗೆ ಕೂತಿದೆ. ಸೌದೆ ಸೀಳಲು ನಾವು ಬೆಣೆ ಹೊಡೆಯುವುದಿಲ್ಲವೇ? ಅದೇ ಕೆಲಸ. ಬಿರುಕು ಇನ್ನೂ ಒಂದಡಿ ಮುಂದಕ್ಕೆ ಓಡುತ್ತದೆ. ಒಣಗಿದ್ದರಿಂದ ಬಂದ ಬಿರುಕಿಗೆ ಮದ್ದು ನೀರು. ಎಷ್ಟು ಮುಚ್ಚಿಕೊಳ್ಳುತ್ತದೆ ಅಂತ ಮೊದಲು ನೋಡಬೇಕು, ಉಳಿದದ್ದಕ್ಕೆ ಮಾತ್ರ ಮೆದುವಾದ ತುಂಬು.

ಹನ್ನೆರಡು ವರ್ಷ ಬಾಯಾರಿದ್ದಕ್ಕೆ ಒಮ್ಮೆಲೇ ಹೊಳೆ ಕುಡಿಸಬೇಡಿ. ಹೊರಮೈ ಗಬಕ್ಕನೆ ಉಬ್ಬಿ, ಒಳಮೈ ಒಣಗೇ ಇದ್ದರೆ ಅದೂ ಸೀಳುತ್ತದೆ. ನೆರಳಿನಲ್ಲೇ ಇಟ್ಟು, ಒಳಗೂ ಹೊರಗೂ ಗೋಣಿಚೀಲ ಹಾಸಿ, ದಿನಕ್ಕೆ ಎರಡು ಹೊತ್ತು ಹೊಳೆಯ ಉಪ್ಪುನೀರು ಚಿಮುಕಿಸಬೇಕು. ಬಾವಿನೀರು ಬೇಡ. ಉಪ್ಪು ತೇವವನ್ನು ಹಿಡಿದಿಡುತ್ತದೆ, ಬೂಷ್ಟು ಹಿಡಿಯುವುದನ್ನೂ ತಡೆಯುತ್ತದೆ. ಎರಡು ವಾರವಾದರೂ ಹೀಗೆ ಮಾಡಿ, ಆಮೇಲೆ ಭರತ ಇಳಿತ ನೋಡಿ ದಡದ ಕೆಸರಿನಲ್ಲಿ ದೋಣಿಯನ್ನು ಅರ್ಧ ಮುಳುಗಿಸಿ ಬಿಡಬೇಕು. ದಿನಾ ಬಿರುಕಿನ ಅಗಲ ಅಳೆದು ಬರೆದಿಡಿ. ನಾಲ್ಕು ದಿನ ಒಂದೇ ಅಳತೆ ಬಂದರೆ ಕುಡಿದದ್ದು ಸಾಕಾಯಿತು ಅಂತ ಅರ್ಥ.

ಉಳಿದ ಸಂದಿಗೆ ಹಳಬರು ಹತ್ತಿ, ರಾಳ, ಎಣ್ಣೆ ಬಳಸುತ್ತಿದ್ದರು. ಧೂಪದ ಮರದ ರಾಳ ಪುಡಿ ಮಾಡಿ ಎಣ್ಣೆಯಲ್ಲಿ ಕರಗಿಸಿ, ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ, ಮೊಂಡು ಉಳಿಯಿಂದ ಸಂದಿಗೆ ಒತ್ತಿ ಒತ್ತಿ ತುಂಬುವುದು. ಹಳೆಯ ಖಲಾಸಿಗಳ ಬಾಯಲ್ಲಿ ಇದಕ್ಕೆ ಕಲಾಪತ್ತಿ ಅಂತ ಹೆಸರು, ಪೋರ್ಚುಗೀಸರಿಂದ ಬಂದ ಮಾತು. ಇದು ಎಪಾಕ್ಸಿಯಂತೆ ಕಲ್ಲಾಗುವುದಿಲ್ಲ. ಮರ ಒತ್ತಿದರೆ ಒತ್ತಿಸಿಕೊಳ್ಳುತ್ತದೆ. ರಾಳ ಕಾಯಿಸುವಾಗ ಬೆಂಕಿ ನೇರ ತಾಗಬಾರದು, ಒಮ್ಮೆ ಹೊತ್ತಿಕೊಂಡರೆ ಆರಿಸುವುದು ಕಷ್ಟ. ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಹೊಲಿಗೆಯ ವಿಷಯದಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ದೋಣಿಯ ಬೆಲೆ ಇರುವುದು ಅಲ್ಲಿ. ಮೊಳೆಯಿಲ್ಲದೆ ತೆಂಗಿನ ನಾರಿನಲ್ಲಿ ಹಡಗು ಹೊಲಿಯುವುದು ಈ ಸಮುದ್ರದ ಬಹಳ ಹಳೆಯ ವಿದ್ಯೆ. 1340ರ ದಶಕದಲ್ಲಿ ನಿಮ್ಮೂರಿನಿಂದ ಬಡಗಕ್ಕಿರುವ ಹೊನ್ನಾವರಕ್ಕೂ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇದಕ್ಕೆ ಕಾರಣವನ್ನೂ ಬರೆದಿದ್ದಾನೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹಗ್ಗದಲ್ಲಿ ಹೊಲಿದದ್ದು ಬಳುಕಿ ಉಳಿಯುತ್ತದೆ ಅಂತ. ಅಲೆ ಒಡೆಯುವ ದಡದಲ್ಲಿ ದಿನಾ ದೋಣಿ ಎಳೆಯುವವರಿಗೆ ಇದು ಪುಸ್ತಕ ಓದದೆಯೂ ಗೊತ್ತು. ಮೊಳೆಗೆ ಇನ್ನೊಂದು ಕಾಯಿಲೆಯೂ ಇದೆ. ತುಕ್ಕು ಹಿಡಿದರೆ ಸುತ್ತಲಿನ ಮರವನ್ನೂ ಕರಿ ಮಾಡಿ ಪುಡಿ ಮಾಡುತ್ತದೆ.

1980ರಲ್ಲಿ ಟಿಮ್ ಸೆವೆರಿನ್ ಅನ್ನುವ ಸಾಹಸಿ ಒಮಾನಿನಲ್ಲಿ ಸೊಹಾರ್ ಎಂಬ ಹೊಲಿದ ಹಡಗು ಕಟ್ಟಿಸಿ ಮಸ್ಕತ್‌ನಿಂದ ಚೀನಾದ ಕ್ಯಾಂಟನ್‌ವರೆಗೆ ಹೋದ. ಅದಕ್ಕೆ ಮರ ಹೋದದ್ದು ಮಲಬಾರಿನಿಂದ, ಅದೇ ಹೆಬ್ಬಲಸು. ಹೊಲಿಯಲು ಹೋದವರು ಲಕ್ಷದ್ವೀಪದವರು. ಮೊನ್ನೆ ಮೊನ್ನೆ ನಮ್ಮ ನೌಕಾಪಡೆಯೂ ಒಂದು ಹೊಲಿದ ಹಡಗು ಮಾಡಿಸಿತು, ಕೌಂಡಿನ್ಯ ಅಂತ. ಅಜಂತಾದ ಐದನೇ ಶತಮಾನದ ಒಂದು ಚಿತ್ರ ನೋಡಿಕೊಂಡು ಗೋವಾದಲ್ಲಿ ಕಟ್ಟಿದ್ದು. ಹಲಗೆ ಹೊಲಿದದ್ದು ಕೇರಳದ ಕುಶಲಕರ್ಮಿಗಳು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಅದಕ್ಕೆ ಹೆಸರಿಟ್ಟು ಪಡೆಗೆ ಸೇರಿಸಿಕೊಂಡರು. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ. ಕಾಲೇಜು ಓದಿದ ಎಂಜಿನಿಯರುಗಳು ಅದರ ಮಾದರಿ ಮಾಡಿ ತೊಟ್ಟಿಯಲ್ಲಿ ಪರೀಕ್ಷೆ ಮಾಡಬೇಕಾಯಿತು, ಯಾಕೆಂದರೆ ಅಂಥ ಹಡಗಿನ ನಕ್ಷೆ ಎಲ್ಲೂ ಉಳಿದಿರಲಿಲ್ಲ. ನಿಮ್ಮ ಹಿತ್ತಲಿನಲ್ಲಿ ಕವುಚಿ ಬಿದ್ದಿರುವುದು ಅದರದೇ ಬಡ ನೆಂಟ.

ಹಾಗಾಗಿ ಹೊಲಿಗೆ ಬಿಚ್ಚುವ ಮೊದಲು ಒಂದು ಕೆಲಸ ಮಾಡಲೇಬೇಕು. ಒಂದೊಂದು ಅಡಿಗೆ ಒಂದು ಫೋಟೊ, ಒಳಗಿನಿಂದಲೂ ಹೊರಗಿನಿಂದಲೂ. ತೂತಿನಿಂದ ತೂತಿಗೆ ಎಷ್ಟು ಅಂತರ, ಹಗ್ಗ ಒಳಗೆ ಕತ್ತರಿ ಹಾಕಿದೆಯಾ ಅಥವಾ ನೇರ ಇದೆಯಾ, ಸಂದಿನ ಮೇಲೆ ನಾರಿನ ಮೆತ್ತೆ ಎಷ್ಟು ದಪ್ಪ, ಎಲ್ಲ ಬರೆದಿಡಿ. ಒಂದು ದಾರಕ್ಕೆ ಗುಂಡು ಕಟ್ಟಿ, ಪ್ರತಿ ಎರಡಡಿಗೆ ದೋಣಿಯ ಅಗಲ, ಆಳ ಅಳೆಯಿರಿ. ಒಂದು ಭಾನುವಾರದ ಕೆಲಸ. ಆಮೇಲೆ ದೋಣಿ ಉಳಿಯಲಿ ಬಿಡಲಿ, ಇದು ಉಳಿಯುತ್ತದೆ.

ಹನ್ನೆರಡು ವರ್ಷದ ಕತ್ತದ ಹಗ್ಗ ಕೈಯಲ್ಲಿ ಎಳೆದರೇ ತುಂಡಾಗುತ್ತದೆ, ಅದನ್ನು ನಂಬಬೇಡಿ. ದುಡಿಯುವ ದೋಣಿಗೂ ಕೆಲವು ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಹೊಸದಾಗಿ ಹೊಲಿಯುವುದೇ ಕ್ರಮ. ಹೊಸ ಹಗ್ಗ ಕೊಳ್ಳುವಾಗ ಉಪ್ಪುನೀರಿನ ಹೊಂಡದಲ್ಲಿ ತಿಂಗಳುಗಟ್ಟಲೆ ಕೊಳೆಸಿ ತೆಗೆದ ನಾರಿನದ್ದು ಬೇಕು ಅಂತ ಕೇಳಿ. ಮಿಷನ್ನಿನಲ್ಲಿ ಹಸಿಯಾಗಿ ಬಿಡಿಸಿದ ಒರಟು ನಾರು ಕಾಲೊರಸಿಗೆ ಸರಿ. ಈಗ ಹೊಲಿಯುವವರಲ್ಲಿ ತುಂಬ ಜನ ನೈಲಾನ್ ಹಗ್ಗ ಬಳಸುತ್ತಾರೆ. ಶುದ್ಧಮಡಿಯವರು ಮೂಗು ಮುರಿಯುತ್ತಾರೆ, ನನಗೇನೂ ಬೇಸರವಿಲ್ಲ. ದುಡಿಯುವ ದೋಣಿಗೆ ಅದು ಸರಿಯೇ. ಒಂದೇ ತೊಂದರೆ, ನಾರಿನ ಹಗ್ಗದ ಮೈ ಒರಟು, ತೂತಿನಲ್ಲಿ ಕಚ್ಚಿಕೊಂಡು ಕೂರುತ್ತದೆ. ನೈಲಾನ್ ನುಣುಪು, ಎಳೆದರೆ ಹಿಗ್ಗುತ್ತದೆ. ಸರಿಯಾಗಿ ಬಿಗಿಯದಿದ್ದರೆ ತಿಂಗಳೊಳಗೆ ಸಡಿಲ.

ಮರಗೆಲಸ ಯಾರ ಕೈಲಿ ಮಾಡಿಸುವುದು? ಮನೆ ಕಟ್ಟುವ ಆಚಾರ್ರು ಬೇಡ. ಅವರ ಕೆಲಸ ಕೀಳು ಅಂತಲ್ಲ. ಅವರ ಕಣ್ಣು ಮೂಲೆಮಟ್ಟಕ್ಕೆ ಒಗ್ಗಿರುತ್ತದೆ, ದೋಣಿಯಲ್ಲಿ ಒಂದೇ ಒಂದು ಮೂಲೆಯೂ ನೆಟ್ಟಗಿರುವುದಿಲ್ಲ. ದೋಣಿ ಆಚಾರ್ರು ಬಾಚಿ ಹಿಡಿದರೆ ಗೊತ್ತಾಗುತ್ತದೆ, ಅಳತೆಗಿಂತ ಮೊದಲು ಕಣ್ಣು ಓಡುತ್ತದೆ. ಗಂಗೊಳ್ಳಿ, ಮಲ್ಪೆ ದಕ್ಕೆಗಳಲ್ಲಿ ವಿಚಾರಿಸಿ. ವಯಸ್ಸಾದವರೊಬ್ಬರು ಸಿಕ್ಕರೆ ಅವರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ಹೇಳಿದರೂ ಸಾಕು, ಕೈಕೆಲಸ ಹುಡುಗರು ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಎಲ್ಲರೂ ದುರಸ್ತಿಗೆ ಇವರನ್ನೇ ಹುಡುಕುತ್ತಾರೆ, ನಿಮ್ಮ ದೋಣಿಯ ಕಡೆ ತಿರುಗಿಯೂ ನೋಡಲಿಕ್ಕಿಲ್ಲ. ದೀಪಾವಳಿ ಕಳೆದ ಮೇಲೆ ಕೇಳಿ. ತೇಪೆ ಹಾಕುವ ಮರ ಆದಷ್ಟು ಅದೇ ಜಾತಿಯದ್ದಿರಲಿ, ನಾರಿನ ದಿಕ್ಕೂ ಅದೇ ಇರಲಿ. ಮಾವಿಗೆ ಮತ್ತಿಯ ತೇಪೆ ಹಾಕಿದರೆ ಗಟ್ಟಿ ಮರ ಮೆದು ಮರವನ್ನು ಒತ್ತಿ ಹಾಳು ಮಾಡುತ್ತದೆ. ಖರ್ಚಿನಲ್ಲಿ ಮರಕ್ಕಿಂತ ಕೂಲಿಯೇ ಜಾಸ್ತಿ ಬರುತ್ತದೆ, ಅದಕ್ಕೆ ತಯಾರಿರಿ.

ಎಣ್ಣೆ. ಮನೆಯಲ್ಲಿ ಇದೆ ಅಂತ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅದು ಯಾವತ್ತೂ ಗಟ್ಟಿಯಾಗುವ ಎಣ್ಣೆಯಲ್ಲ, ಮಳೆಗೆ ತೊಳೆದುಹೋಗುತ್ತದೆ. ಬೂತಾಯಿ ಮೀನಿನ ಎಣ್ಣೆ ಗಾಳಿಗೆ ನಿಧಾನವಾಗಿ ಒಣಗಿ ತೆಳ್ಳಗಿನ ಪೊರೆ ಕಟ್ಟುತ್ತದೆ, ಅದಕ್ಕೇ ನಮ್ಮ ಕಡೆ ತಲೆತಲಾಂತರದಿಂದ ಅದನ್ನೇ ಬಳಿದದ್ದು. ವಾಸನೆ ಬಗ್ಗೆ ನಾನು ಏನೂ ಹೇಳುವುದಿಲ್ಲ, ನೀವು ಕುಂದಾಪುರದವರು. ಬೆಂಗಳೂರಿನಿಂದ ಬರುವ ಮಕ್ಕಳು ಮೂಗು ಮುಚ್ಚಿಕೊಂಡರೆ ಕಾಯಿಸಿದ ಅಗಸೆ ಎಣ್ಣೆಗೆ ಸ್ವಲ್ಪ ಟರ್ಪಂಟೈನ್ ಬೆರೆಸಿ ಹಚ್ಚಿ, ಅದೂ ಒಣಗುವ ಎಣ್ಣೆಯೇ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಇದು ಹೆದರಿಸಲು ಹೇಳುವ ಮಾತಲ್ಲ. ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಗೇರುಬೀಜದ ಸಿಪ್ಪೆಯ ಎಣ್ಣೆ ಹುಳ ತಡೆಯಲು ಒಳ್ಳೆಯದು, ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಬೇಕೇ ಬೇಕು. ನೀರಿನಡಿಯ ಭಾಗಕ್ಕೆ ತಾಮ್ರ ಬೆರೆತ ಬಣ್ಣ ಸಿಗುತ್ತದೆ. ಮೊದಲು ಇದೆಲ್ಲ ಇಲ್ಲದಾಗ ದೋಣಿಯನ್ನು ಮರಳಿಗೆ ಎಳೆದು, ತಳ ಕೆರೆದು, ಒಣ ತೆಂಗಿನ ಗರಿ ಉರಿಸಿ ಶಾಖ ಕೊಡುತ್ತಿದ್ದರು.

ನೀರಿಗಿಳಿಸುವ ಮುಂಚೆ ಮೇಲಂಚಿನಲ್ಲಿ ಎರಡು ಕಡೆ ಅಡ್ಡಕ್ಕೆ ಗಳ ಕಟ್ಟಿದ ಸವೆತದ ಗುರುತಿದೆಯಾ ನೋಡಿ. ಇದ್ದರೆ ನಿಮ್ಮ ದೋಣಿಗೆ ಒಂದು ಪಕ್ಕದಲ್ಲಿ ತೇಲುಮರ ಕಟ್ಟುತ್ತಿದ್ದರು ಅಂತ ಅರ್ಥ. ಕಾರವಾರದ ಕಡೆ ಈಗಲೂ ಅಂಥವು ಕಾಣಸಿಗುತ್ತವೆ. ತೇಲುಮರ ಎಲ್ಲೋ ಹೋಗಿರುತ್ತದೆ, ಯಾರಿಗೂ ನೆನಪಿರುವುದಿಲ್ಲ. ಅದಿಲ್ಲದೆ ಸುಮ್ನೆ ಇಳಿಸಿದರೆ ಮೊದಲ ದಿನವೇ ಮಗುಚುತ್ತದೆ.

ಈಗ ಆ ಉಳಿದರ್ಧ ಪ್ರಶ್ನೆ, ನೋಡಿಕೊಳ್ಳುವವರು ಯಾರು? ವರ್ಷಕ್ಕೆ ಮೂರ್ನಾಲ್ಕು ಸಲ ಬರುವವರು ಮರದ ದೋಣಿಯ ಯಜಮಾನರಾಗಲು ಆಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ನಾನೂ ಇದೇ ಕಾರಣಕ್ಕೆ ಒಂದು ದೋಣಿ ಬಿಟ್ಟುಕೊಟ್ಟೆ. ಮೀನುಗಾರರು ಮರ ಬಿಟ್ಟು ಫೈಬರ್ ದೋಣಿಗೆ ಹೋದದ್ದಕ್ಕೂ ಇದೇ ಕಾರಣ. ಹಗುರ, ಎಣ್ಣೆಯ ರಗಳೆ ಇಲ್ಲ, ದೊಡ್ಡ ಮರ ಹುಡುಕಿ ಅರಣ್ಯ ಇಲಾಖೆಯವರ ಅನುಮತಿಗೆ ಅಲೆಯಬೇಕಿಲ್ಲ. ಅವರನ್ನು ದೂರುವ ಹಕ್ಕು ಪೇಟೆಯಲ್ಲಿ ಕೂತ ನಮಗಿಲ್ಲ. ಆದರೆ ದೋಣಿಗೆ ಒಬ್ಬರೇ ಯಜಮಾನರಿರಬೇಕು ಅಂತ ಎಲ್ಲಿದೆ? ನಮ್ಮ ಕರಾವಳಿಯ ರಂಪಣಿಗೆ, ದಡದಿಂದ ಎಳೆಯುವ ಆ ದೊಡ್ಡ ಬಲೆಗೆ, ಹತ್ತಾರು ಮನೆಯವರ ಪಾಲಿತ್ತು, ದುಡಿಮೆಯೂ ಕೂಡಿ, ಮೀನೂ ಹಂಚಿ. 1970ರ ದಶಕದ ಮಧ್ಯದಲ್ಲಿ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಆ ದೊಡ್ಡ ಕೂಟಗಳು ಕರಗಿದವು, ಸಣ್ಣ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ಕೇರಳದ ಹಾವುದೋಣಿಗಳೂ ಊರಿನ ಸೊತ್ತು. ಊರವರೇ ಕೊಟ್ಟಿಗೆ ಕಟ್ಟಿ, ಎಣ್ಣೆ ಬಳಿದು, ಕಾದು ಇಡುತ್ತಾರೆ.

ನಿಮ್ಮ ಹೊಳೆಬದಿಯಲ್ಲಿ ಈಗಲೂ ಮರುವಾಯಿ ಹೆಕ್ಕಲು, ಗಾಳ ಹಾಕಲು ದಿನಾ ಹೊಳೆಗಿಳಿಯುವವರು ಒಬ್ಬರಾದರೂ ಇರುತ್ತಾರೆ. ಅವರ ಹತ್ತಿರ ಮಾತಾಡಿ. ದುರಸ್ತಿ ಖರ್ಚು ನಿಮ್ಮದು, ದುಡಿಮೆ ಅವರದು, ನೀವು ಬಂದ ದಿನ ದೋಣಿ ನಿಮಗೆ. ಬಾಡಿಗೆ ಕೇಳಬೇಡಿ, ಬದಲಿಗೆ ದಿನಾ ನೀರೆತ್ತುವುದು, ತಿಂಗಳಿಗೊಮ್ಮೆ ತಳ ಕೆರೆಯುವುದು ಅವರ ಪಾಲು ಅಂತ ಮಾಡಿಕೊಳ್ಳಿ. ಹೊಳೆಯಲ್ಲೇ ಇರಲಿ. ಅಳಿವೆ ದಾಟಿ ಕಡಲಿಗೆ ಮೀನಿಗೆ ಹೋಗುವುದಾದರೆ ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಆಗಬೇಕು. ದುಡ್ಡು ತಗೊಂಡು ಪ್ರವಾಸಿಗರನ್ನು ಕೂರಿಸುವ ಯೋಚನೆ ಯಾರಾದರೂ ತಲೆಗೆ ತುಂಬಿದರೆ, ಪರವಾನಗಿ ಮತ್ತು ಲೈಫ್ ಜಾಕೆಟ್ ಇಲ್ಲದೆ ಮುಟ್ಟಬೇಡಿ.

ಅಂಥವರು ಯಾರೂ ಸಿಗದಿದ್ದರೆ? ಆಗ ನೀರಿಗಿಳಿಸುವ ಆಸೆ ಬಿಟ್ಟು, ದಡದಲ್ಲೇ ಚೆನ್ನಾಗಿಡಿ. ಅದಕ್ಕೆ ಎಪಾಕ್ಸಿಯೂ ಬೇಡ, ನೆನೆಸುವುದೂ ಬೇಡ. ಗೋಡೆಯಿಲ್ಲದ, ನೆರಳಿರುವ ಕೊಟ್ಟಿಗೆ, ಸೋರದ ಮಾಡು, ನೆಲದಿಂದ ಎರಡಡಿ ಎತ್ತರದಲ್ಲಿ ತಳದ ಆಕಾರಕ್ಕೆ ಕೊರೆದ ಮೂರ್ನಾಲ್ಕು ಅಡ್ಡಮರ, ವರ್ಷಕ್ಕೊಮ್ಮೆ ಎಣ್ಣೆ. ರೆಸಾರ್ಟಿನವರಿಗೆ ಕೊಡುವುದಾದರೆ ಒಂದು ಸಲ ಕೇಳಿ, ಎಲ್ಲಿಡುತ್ತೀರಿ ಅಂತ. ಅರ್ಧಕ್ಕೆ ಕತ್ತರಿಸಿ ನಿಲ್ಲಿಸಿ ಪುಸ್ತಕದ ಕಪಾಟು ಮಾಡಿದ್ದನ್ನು ನೋಡಿದ್ದೇನೆ. ಮಣ್ಣು ತುಂಬಿ ಹೂವಿನ ಗಿಡ ನೆಟ್ಟದ್ದನ್ನೂ ನೋಡಿದ್ದೇನೆ. ಅದರ ಮುಂದೆ ನಿಮ್ಮಪ್ಪನ ಒಲೆಯೇ ಎಷ್ಟೋ ಮರ್ಯಾದೆಯದ್ದು.

ಮುಂದಿನ ಸಲ ಊರಿಗೆ ಹೋಗುವಾಗ ದಬ್ಬಣ, ಸೀಮೆಸುಣ್ಣ, ಟಾರ್ಚು, ಟೇಪು ತಗೊಂಡು ಹೋಗಿ. ಸುತ್ತು ಹಾಕಿದ ಮೇಲೆ ಫೋಟೊ ತೆಗೆದು ಕಳಿಸಿ, ಬಿರುಕಿನ ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ತೆಗೆಯಿರಿ. ಅಪ್ಪನ ಹತ್ತಿರ ಇದನ್ನು ಹೊಲಿದವರು ಯಾರು, ಎಣ್ಣೆ ಯಾವುದು ಹಾಕುತ್ತಿದ್ದರು ಅಂತ ಕೇಳಿ ನೋಡಿ. ಒಲೆಗೆ ಹಾಕು ಅನ್ನುವವರಿಗೇ ಇಂಥದ್ದೆಲ್ಲ ಹೆಚ್ಚು ನೆನಪಿರುತ್ತದೆ. ಅದಕ್ಕೂ ಮೊದಲು, ಚಪ್ಪರದ ಸೋಗೆ ಸೋರುತ್ತಿದೆಯಾ ಅಂತ ಇವತ್ತೇ ಮನೆಗೆ ಫೋನ್ ಮಾಡಿ ವಿಚಾರಿಸಿ. ಸೋರುತ್ತಿದ್ದರೆ ಈ ವಾರವೇ ಹೊದಿಸಲು ಹೇಳಿ. ಮೇಲಂಚಿನಡಿಗೆ ನಾಲ್ಕು ಕಲ್ಲು ಕೊಟ್ಟು ನೆಲದಿಂದ ಎತ್ತಿಡಲೂ ಹೇಳಿ.